ರಟ್ಟಿನೊಳಗಿನ ಹೆಸರು

ನಮ್ಮೂರಿನಲ್ಲಿ ಯಾರಾದರೂ ಮಾತಿನ ನಡುವೆ ಥಟ್ಟನೆ ನಿಂತು ಬಲಗಿವಿಗೆ ಕೈ ಇಟ್ಟುಕೊಂಡರೆ ಎದುರಿಗಿದ್ದವರು ಸುಮ್ಮನಾಗುತ್ತಾರೆ. ಅಕ್ಕಿ ಅಳೆಯುತ್ತಿದ್ದವನು ಸೇರನ್ನು ಹಾಗೇ ಎತ್ತಿ ಹಿಡಿದಿರುತ್ತಾನೆ. ಕ್ಷೌರದವನು ಕತ್ತಿ ದೂರ ಸರಿಸುತ್ತಾನೆ. ಜಗಳವಾಡುತ್ತಿದ್ದವರೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ಅರ್ಧಕ್ಕೆ ಬಿಟ್ಟ ಬೈಗುಳದಿಂದಲೇ ಮುಂದುವರಿಸುತ್ತಾರೆ. 'ಮನ್ಯಾಗ ಓದಾಕತ್ತಾರ' ಎಂದರೆ, ಮನೆಯವರು ತಮ್ಮ ಹೆಸರಿನಲ್ಲಿ ಓದುವ ಪ್ರಾರ್ಥನೆ ಕಿವಿಗೆ ಬೀಳುತ್ತಿದೆ ಎಂದರೆ, ಬಸ್ಸು ಕೂಡ ಕಾಯುತ್ತದೆ. ಓದುವವರು ಯಾವ ದೇವರಿಗೆ ನಡೆದುಕೊಳ್ಳುವವರಾದರೂ ಸರಿ, ಯಾವ ಭಾಷೆಯಲ್ಲಿ ಓದಿದರೂ ಸರಿ, ಕಿವಿಗೆ ಬೀಳುವ ಹೊತ್ತಿಗೆ ಅದು ಕೇಳುವವರ ಭಾಷೆಯೇ ಆಗಿರುತ್ತದೆ. ತುಂಬಿದ ಮನೆಯ ಜನಕ್ಕೆ ಬರೀ ಗುಂಯ್ ಎನ್ನುವ ಸದ್ದು. ಮಕ್ಕಳಿಗೂ ಒಂಟಿಯಾಗಿ ಇರುವವರಿಗೂ ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆ. ಏನು ಕೇಳಿಸಿತೆಂದು ಯಾರೂ ವಿಚಾರಿಸುವುದಿಲ್ಲ, ಯಾರೂ ಹೇಳುವುದೂ ಇಲ್ಲ. ನನ್ನ ಕಿವಿಗೆ ಮಾತ್ರ ಹತ್ತೊಂಬತ್ತು ವರ್ಷದಿಂದ ಏನೂ ಬಿದ್ದಿರಲಿಲ್ಲ. ನಮ್ಮವ್ವ ಸತ್ತ ದಿನ ನಿಂತದ್ದು ಅದು.

ನಾನು ಪುಸ್ತಕಕ್ಕೆ ರಟ್ಟು ಕಟ್ಟುವವಳು. ರಟ್ಟಿನ ನೀಲವ್ವ ಎಂದರೆ ಊರಿಗೆಲ್ಲ ಗೊತ್ತು. ಅಪ್ಪನಿಂದ ಬಂದ ಕೆಲಸ. ಬಸದಿಯವರ ಸ್ತೋತ್ರದ ಪುಸ್ತಕ, ದರ್ಗಾ ಓಣಿಯವರ ದುವಾ ಪುಸ್ತಕ, ಚರ್ಚಿನ ಜನ ಮೊಣಕಾಲೂರಿ ಓದುವ ಜಪದ ಪುಸ್ತಕ, ಮಠದ ಭಕ್ತರ ಪ್ರಾರ್ಥನೆಯ ಹೊತ್ತಗೆ, ಎಲ್ಲವೂ ನನ್ನ ಹಲಗೆಯ ಮೇಲೆ ಬೆನ್ನು ಬಿಚ್ಚಿಸಿಕೊಂಡು, ಹೊಲಿಸಿಕೊಂಡು, ಹೊಸ ಬಟ್ಟೆ ಹೊದ್ದು ಹೋಗುತ್ತವೆ. ಒಳಗಿನ ದೇವರು ಬೇರೆಯಿರಬಹುದು, ಗೆದ್ದಲಿಗೆ ಎಲ್ಲ ಒಂದೇ ರುಚಿ. ಮಗು ಹುಟ್ಟಿದರೆ ನಮ್ಮಲ್ಲಿ ಒಂದು ಹೊಸ ಪುಸ್ತಕ ಕಟ್ಟಿಸುತ್ತಾರೆ. ಹೆಸರನ್ನು ಚೀಟಿಯಲ್ಲಿ ಬರೆದು ನಾಲ್ಕು ಮಡಿಕೆ ಮಡಚಿ ತಂದು ಕೊಡುತ್ತಾರೆ, ನಾನು ಅದನ್ನು ಮುಂದಿನ ರಟ್ಟಿನೊಳಗೆ ಇಟ್ಟು ಮೇಲೆ ಕಾಗದ ಅಂಟಿಸಿ ಮುಚ್ಚುತ್ತೇನೆ. ಆ ಪುಸ್ತಕದ ಓದು ಮುಟ್ಟುವುದು ರಟ್ಟಿನೊಳಗಿರುವ ಹೆಸರಿಗೆ ಮಾತ್ರ. ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ನಾಲ್ಕು ಪುಸ್ತಕ. ಸತ್ತರೂ ಚೀಟಿ ತೆಗೆಯುವುದಿಲ್ಲ. ಸತ್ತವರಿಗಾಗಿ ಓದುವ ಪುಟಗಳು ಎಲ್ಲ ಪುಸ್ತಕದಲ್ಲೂ ಕೊನೆಗೆ ಇರುತ್ತವಲ್ಲ, ಅಲ್ಲಿಂದ ಓದುತ್ತಾರೆ.

ಅಪ್ಪ ನನಗೆ ಕಲಿಸಿದ ಕಟ್ಟಳೆ ಮೂರೇ. ಚೀಟಿ ಬಿಚ್ಚಿ ನೋಡಬಾರದು, ಯಾರದೆಂದು ಕೇಳಲೂಬಾರದು. ಪುಸ್ತಕದ ಒಡೆಯರು ತಮ್ಮ ಕೈಯಾರೆ ತಂದು ಕೊಟ್ಟ ಹೊರತು ರಟ್ಟು ಬಿಚ್ಚಬಾರದು. ಮತ್ತೆ, ಹಲಗೆಯ ಮೇಲೆ ಒಂದು ಪುಸ್ತಕ ಬಿಚ್ಚಿರುವಾಗ ಇನ್ನೊಂದಕ್ಕೆ ಕೈ ಹಾಕಬಾರದು. ಮೊದಲಿನ ಎರಡಕ್ಕೆ ಕಾರಣ ಕೇಳದೆಯೇ ತಿಳಿಯುತ್ತಿತ್ತು. ಮೂರನೆಯದು ಅಪ್ಪನ ನಿಧಾನದ ಕೆಲಸಕ್ಕೆ ಒಂದು ನೆಪ ಎಂದೇ ನಾನು ತಿಳಿದಿದ್ದೆ.

ಐದು ವರ್ಷದ ಹಿಂದೆ ದೀಪಾವಳಿ ಸುಮಾರಿಗೆ ಊರಿಗೆ ಜ್ವರ ಬಂತು, ಮಕ್ಕಳನ್ನೇ ಹುಡುಕಿಕೊಂಡು ಬಂದಂಥ ಜ್ವರ. ದರ್ಗಾ ಓಣಿಯ ಜೈತುನ್‌ಬಿಯ ಮಗಳು ನಸೀಮಾ ಮಲಗಿದಳು. ಏಳು ವರ್ಷದ ಕೂಸು. ಜೈತುನ್‌ಬಿ ಶಾಲೆಯ ಮಕ್ಕಳಿಗೆ ಅಂಗಿ ಹೊಲಿದು ಬದುಕುವವಳು. ಗಂಡ ಇಲ್ಲ, ಇದ್ದದ್ದು ಅದೊಂದೇ. ಹೊಲಿಗೆ ಮಷೀನಿಗೆ ಬಟ್ಟೆ ಮುಚ್ಚಿ ಒಂಬತ್ತು ದಿನ ಒಂದೇ ಸಮ ಓದಿದಳು. ಗಂಟಲು ಒಡೆದು ಧ್ವನಿ ಗಂಡಸಿನ ಧ್ವನಿಯಾಯಿತು. ಹತ್ತನೆಯ ದಿನ ಮಗು ಹೋಯಿತು. ಅದೇ ಹೊತ್ತಿಗೆ ಬಸದಿ ಬೀದಿಯ ಚಂಪಕ್ಕನ ಮಗಳು ಸುಮತಿಗೂ ಜ್ವರ. ಅವಳಿಗೂ ಏಳೇ ವರ್ಷ. ಚಂಪಕ್ಕ ತಾನೂ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು, ಪುಸ್ತಕ ಮುಟ್ಟಲೇ ಇಲ್ಲ. ಆದರೂ ಸುಮತಿ ಎದ್ದು ಕೂತು ಮಂಡಕ್ಕಿ ಕೇಳಿದಳು.

ನಲ್ಲಿಯ ಹತ್ತಿರ ಹೆಂಗಸರು ಆಡಿಕೊಂಡದ್ದು ನನಗೆ ನೆನಪಿದೆ. ಓದದ ಮನೆಯ ಮಗು ಉಳಿದು, ಓದಿದ ಮನೆಯದು ಹೋಯಿತು ಅಂದರೆ ಓದಿನಲ್ಲೇ ಏನೋ ಊನ ಇರಬೇಕು, ಮನಸ್ಸಿಟ್ಟು ಓದಿರಲಿಕ್ಕಿಲ್ಲ ಎಂದರು. ಈ ಮಾತು ಜೈತುನ್‌ಬಿಗೂ ಮುಟ್ಟಿತು. ಅವತ್ತು ನಾನೂ ಕೊಡ ಹಿಡಿದು ಆ ಸಾಲಿನಲ್ಲಿ ನಿಂತಿದ್ದೆ, ಹೌದೆಂದು ತಲೆಯನ್ನೂ ಆಡಿಸಿದ್ದೆ. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮರುವರ್ಷದಿಂದ ನಸೀಮಾಳ ಗೋರಿ ಬೆಳೆಯತೊಡಗಿತು. ಖಬರಸ್ತಾನ ನೋಡಿಕೊಳ್ಳುವ ಹುಸೇನಸಾಬ ಮೊದಲು ಅದು ಮಣ್ಣು ಜರಿದದ್ದು ಎಂದ. ಮತ್ತೆ ಸರಿಯಾಗಿ ಗುಡ್ಡೆ ಕಟ್ಟಿ ಕಾಲಿನ ಕಡೆಗೆ ಕಾಲುಗಲ್ಲು ನೆಟ್ಟ. ಆರು ತಿಂಗಳಿಗೆ ಗುಡ್ಡೆ ಕಲ್ಲನ್ನು ದಾಟಿ ಮುಂದೆ ಹೋಗಿತ್ತು. ಆಮೇಲೆ ಅವನು ವಾದ ಬಿಟ್ಟು ವರ್ಷಕ್ಕೊಮ್ಮೆ ಕಲ್ಲು ಕಿತ್ತು ನಾಲ್ಕು ಬೆರಳು ಆಚೆ ನೆಡುವುದನ್ನು ರೂಢಿ ಮಾಡಿಕೊಂಡ. ಪಕ್ಕದ ಜಾಗವನ್ನು ಯಾರಿಗೂ ಕೊಡದೆ ಖಾಲಿ ಬಿಟ್ಟರು. ಹೆಂಗಸರು ಒಳಗೆ ಬರಬಾರದು ಎನ್ನುತ್ತಿದ್ದ ಹಿರಿಯರು ಜೈತುನ್‌ಬಿಯ ವಿಷಯಕ್ಕೆ ಬಾಯಿ ಬಿಡಲಿಲ್ಲ. ಅವಳು ಪ್ರತಿ ಶುಕ್ರವಾರ ಹೊಲಿಗೆಯ ಟೇಪು ತಂದು ಗೋರಿಯನ್ನು ಅಳೆಯುತ್ತಿದ್ದಳು. ತಲೆಗೂ ಕಾಲಿಗೂ ಬಿಟ್ಟ ಜಾಗ ಕಳೆದು, ಉಳಿದ ಅಳತೆಗೆ ಪ್ರತಿ ರಂಜಾನಿಗೊಂದು ಹೊಸ ಅಂಗಿ ಹೊಲಿದು ಪೆಟ್ಟಿಗೆಯಲ್ಲಿ ಮಡಚಿ ಇಡುತ್ತಿದ್ದಳು. ಸಂಜೆಯ ನಮಾಜಿನ ಬಾಂಗ್ ಕೂಗಿದ ಮೇಲೆ ಬಾಗಿಲಲ್ಲಿ ಕೂತು, ನಡುನಡುವೆ ಕೆಮ್ಮುತ್ತ, ಸತ್ತವರಿಗೆ ಓದುವ ಪುಟಗಳನ್ನು ಓದುತ್ತಿದ್ದಳು. ಆ ದಾರಿಯಲ್ಲಿ ಹೋಗುವಾಗ ಒಮ್ಮೆ ನನ್ನನ್ನು ನಿಲ್ಲಿಸಿ, "ಆವಾಗ ಕಡಿಮಿ ಬಿದ್ದದ್ದನ್ನ ಈಗ ತುಂಬಾಕತ್ತೀನಿ, ನೀಲಕ್ಕ. ಕೂಸು ಬೆಳಿಯಾಕತ್ತೈತಿ ನೋಡು," ಎಂದಳು. ಅವಳ ಮುಖದಲ್ಲಿ ಸಂತೋಷವಿತ್ತು. ನಾನು ಅಲ್ಲಿ ನಿಲ್ಲದೆ ಮುಂದೆ ನಡೆದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಚಂಪಕ್ಕ ನನ್ನ ಅಂಗಡಿಗೆ ಬಂದಳು. ಸೆರಗಿನಲ್ಲಿ ಪುಸ್ತಕ ಸುತ್ತಿ ಎದೆಗೆ ಅವಚಿಕೊಂಡಿದ್ದಳು.

"ನೀಲಕ್ಕಾರ, ಇದರ ರಟ್ಟು ಸಡ್ಲ ಆಗೇತೇನು ನೋಡ್ರಿ. ನಾ ಓದಿದ್ದು ಕೂಸಿಗೆ ಮುಟ್ಟವಲ್ದು."

ನೋಡಿದೆ. ಹೊಲಿಗೆ ಗಟ್ಟಿಯಾಗಿತ್ತು, ರಟ್ಟು ಅಲ್ಲಾಡಲಿಲ್ಲ. ನನ್ನ ಕೆಲಸದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. "ಏನೂ ಆಗಿಲ್ಲವ್ವ. ಇನ್ನೂ ಇಪ್ಪತ್ತು ವರ್ಷ ಬರ್ತೈತಿ," ಎಂದೆ.

"ಹಂಗಾರ ಸುಮತಿ ಯಾಕ ಹಿಂಗ ಆಗ್ಯಾಳ್ರಿ? ಊಟ ಬಿಟ್ಟು ಒಂಬತ್ತು ದಿನ ಆತು. ಹಸಿವು ಇಲ್ಲ ಅಂತಾಳ. ಅಳಂಗಿಲ್ಲ, ಸಿಟ್ಟಿಲ್ಲ. ಅಂಗಾತ ಮಲಗಿ ಕೈ ಎರಡೂ ಪಕ್ಕಕ್ಕ ಚಾಚಿಕೊಂಡಿರ್ತಾಳ. ಮೈ ಮುಟ್ಟಿದ್ರ ತಣ್ಣಗ. ಡಾಕ್ಟರು ಏನೂ ಇಲ್ಲ ಅಂದ್ರು. ನಾ ದಿನಾ ನಾಕು ಸಲ ಓದಾಕತ್ತೀನಿ. ಆಯುಷ್ಯ ಬೆಳೀಲಿ, ಮೈ ಬೆಳೀಲಿ, ಬಳ್ಳಿ ಚಿಗುರಿದಂಗ ಚಿಗುರ್ಲಿ ಅಂತ ಆ ಪುಟ ಹರಿಯೂಮಟ ಓದೀನಿ."

ಆ ಜ್ವರದಿಂದ ಎದ್ದಾಗಿನಿಂದಲೂ ಸುಮತಿ ಬಹಳ ಶಾಂತ ಹುಡುಗಿ ಎಂದು ಊರು ಹೊಗಳುತ್ತಿತ್ತು. ಬಿದ್ದರೆ ಅಳುತ್ತಿರಲಿಲ್ಲ, ಹಬ್ಬಕ್ಕೆ ಕುಣಿಯುತ್ತಿರಲಿಲ್ಲ. ಹೋದ ವರ್ಷದಿಂದ ಜೈತುನ್‌ಬಿಗೆ ಕಣ್ಣು ಮಂಜಾಗಿ ಹೊಲಿಗೆ ಕಡಿಮೆಯಾಗಿತ್ತು, ಅವಳು ಬೆಳಿಗ್ಗೆಯೂ ಸಂಜೆಯೂ ಓದಲು ಕೂರುತ್ತಿದ್ದಳು. ಪುಟಗಳು ಅವಳಿಗೆ ಬಾಯಿಪಾಠ, ಕಣ್ಣು ಬೇಕಿರಲಿಲ್ಲ. ಈ ಎರಡನ್ನೂ ಜೋಡಿಸಿ ನೋಡುವ ಬುದ್ಧಿ ನನಗೆ ಆಗ ಬರಲಿಲ್ಲ. ಚಂಪಕ್ಕನ ಸಮಾಧಾನಕ್ಕೆಂದು ಅವತ್ತೇ ಸಂಜೆ ಅವರ ಮನೆಗೆ ಹೋದೆ.

ಅವರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಸುತ್ತಾರೆ. ನಾನು ಹೋದಾಗ ಒಲೆ ಸಾರಿಸಿ ಆಗಿತ್ತು. ಸುಮತಿಯ ತಟ್ಟೆ ಮಾತ್ರ ಅನ್ನ ಒಣಗಿ ಹಾಗೇ ಕೂತಿತ್ತು. ಹುಡುಗಿ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ನಾನು ಪಕ್ಕದಲ್ಲಿ ಕೂತು ಹಣೆ ಮುಟ್ಟಿದೆ. ನೆಲ ಮುಟ್ಟಿದ ಹಾಗಿತ್ತು. ಅವಳು ನಕ್ಕಳು. ಸುಸ್ತಿನ ನಗುವಲ್ಲ, ಎಲ್ಲ ಕೆಲಸ ಮುಗಿಸಿ ಕೂತವರು ನಗುವ ನಗು.

"ಆರಾಮ ಅದೀಯೇನವ್ವ?" ಎಂದೆ.

"ಭಾಳ ಆರಾಮ ಐತ್ರಿ. ಈ ಮನಿ ಎಷ್ಟು ದೊಡ್ಡದಾಗೇತಿ ನೋಡ್ರಿ ಅಜ್ಜಿ. ಗ್ವಾಡಿ ಕಾಣ್ಸೂದೇ ಇಲ್ಲ."

ಅಷ್ಟರಲ್ಲಿ ದರ್ಗಾದ ಕಡೆಯಿಂದ ಸಂಜೆಯ ಬಾಂಗ್ ಕೇಳಿಸಿತು. ಅದು ಮುಗಿದು ಸ್ವಲ್ಪ ಹೊತ್ತಿಗೆ ಸುಮತಿಯ ಕೈ ತಾನಾಗಿ ಎದ್ದು ಬಲಗಿವಿಯ ಮೇಲೆ ಕೂತಿತು. ನಾನು ಚಂಪಕ್ಕನ ಕಡೆ ನೋಡಿದೆ. ಅವಳು ನನ್ನ ಎದುರಿಗೇ, ಗೋಡೆಗೆ ಒರಗಿ, ಮುಚ್ಚಿದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳು ಓದುತ್ತಿರಲಿಲ್ಲ.

"ಏನು ಕೇಳ್ತೈತಿ ಮಗಾ?" ಎಂದೆ. ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು.

ಹುಡುಗಿ ಒಂದೊಂದೇ ಮಾತು ಆರಿಸಿಕೊಂಡು ಹೇಳಿದಳು. "ನಿನ್ನ ಮೇಲಿನ ಮಣ್ಣು ಹಗುರಾಗಲಿ. ನೀನು ಮಲಗಿದ ಜಾಗ ಅಗಲವಾಗಲಿ, ತಂಪಾಗಲಿ. ಇನ್ನು ಯಾವ ಹಸಿವೂ ನಿನ್ನನ್ನು ಮುಟ್ಟದಿರಲಿ." ಸ್ವಲ್ಪ ತಡೆದು, "ಈಗ ಕೆಮ್ಮಾಕತ್ತಾರ," ಎಂದಳು.

ಚಂಪಕ್ಕ ಬಾಯಿಗೆ ಸೆರಗು ತುರುಕಿಕೊಂಡಳು. ನಾನು ಗೋಡೆ ಹಿಡಿದು ಎದ್ದೆ. ಏನೋ ನೆಪ ಹೇಳಿ ಹೊರಗೆ ಬಂದೆ.

ಮನೆ ಮುಟ್ಟುವಷ್ಟರಲ್ಲಿ ಎಲ್ಲ ನೆನಪಾಯಿತು. ಜ್ವರ ಬರುವ ಮೂರು ತಿಂಗಳ ಮೊದಲು, ಶ್ರಾವಣದಲ್ಲಿ, ಇಬ್ಬರೂ ಒಂದೇ ದಿನ ಪುಸ್ತಕ ತಂದು ಕೊಟ್ಟಿದ್ದರು. ಶೀತಕ್ಕೆ ರಟ್ಟು ಉಬ್ಬಿತ್ತು. ಮೈದಾಹಿಟ್ಟು ಕುದಿಸಿ, ಹುಳು ಹಿಡಿಯದಂತೆ ಮೈಲುತುತ್ತ ಹಾಕಿ ಅಂಟು ಮಾಡಿಕೊಂಡಿದ್ದೆ. ಜೈತುನ್‌ಬಿಯ ಪುಸ್ತಕಕ್ಕೆ ಎಷ್ಟು ಬೇಕೋ ಅಷ್ಟು ತೆಗೆದ ಮೇಲೂ ಅರ್ಧ ಬಟ್ಟಲು ಉಳಿಯುವುದಿತ್ತು. ಆರಿದರೆ ಗಂಟು ಕಟ್ಟುತ್ತದೆ, ಚೆಲ್ಲಬೇಕು. ಅರ್ಧ ಬಟ್ಟಲು ಅಂಟು ಚೆಲ್ಲಲು ನನಗೆ ಮನಸ್ಸಾಗಲಿಲ್ಲ. ಇದು ಆರುವುದರೊಳಗೆ ಅದನ್ನೂ ಮುಗಿಸಿಬಿಡೋಣ ಎಂದು ಚಂಪಕ್ಕನ ಪುಸ್ತಕವನ್ನೂ ಬಿಚ್ಚಿದೆ. ಎರಡು ರಟ್ಟು, ಎರಡು ಚೀಟಿ, ಎರಡಕ್ಕೂ ನಾಲ್ಕೇ ಮಡಿಕೆ. ಯಾವುದು ಯಾವುದರದೆಂದು ನನಗೆ ಚೆನ್ನಾಗಿ ಗೊತ್ತಿದೆ ಎಂದುಕೊಂಡೇ ಒಳಗಿಟ್ಟು ಮುಚ್ಚಿದೆ. ಅರ್ಧ ಬಟ್ಟಲು ಅಂಟು ಉಳಿಸಿದ ಸಂತೋಷಕ್ಕೆ ಅವತ್ತು ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿಕೊಂಡಿದ್ದೂ ನೆನಪಿದೆ.

ಒಂಬತ್ತು ದಿನ ಜೈತುನ್‌ಬಿ ಗಂಟಲು ಹರಿದುಕೊಂಡು ಓದಿದ್ದು ಸುಮತಿಗೆ ಮುಟ್ಟಿತ್ತು. ನಸೀಮಾಳ ಹೆಸರಿದ್ದ ಪುಸ್ತಕ ಚಂಪಕ್ಕನ ಮನೆಯ ಗೂಡಿನಲ್ಲಿ ಮುಚ್ಚಿಕೊಂಡು ಕೂತಿತ್ತು. ಆ ಮಗುವಿನ ಕಿವಿಯಲ್ಲಿ ಕೊನೆಯತನಕ ಒಂದು ಸದ್ದೂ ಇರಲಿಲ್ಲ. ಅವ್ವ ಎದುರಿಗೆ ಕೂತು ತುಟಿ ಆಡಿಸುವುದನ್ನು ನೋಡುತ್ತ ಅದು ಏನೆಂದುಕೊಂಡಿತೋ. ಅಲ್ಲಿಂದೀಚೆಗೆ ಸತ್ತ ಮಗುವಿಗೆ ಮಾಡಿದ ಪ್ರಾರ್ಥನೆ ಬದುಕಿರುವವಳ ಮೇಲೆ ಬೀಳುತ್ತಿತ್ತು, ಬದುಕಿರುವವಳು ಬೆಳೆಯಲೆಂದು ಓದಿದ್ದು ಮಣ್ಣಿನೊಳಗಿದ್ದವಳನ್ನು ಬೆಳೆಸುತ್ತಿತ್ತು. ನಾನು ಅನ್ನ ಮಾಡಿಕೊಳ್ಳಲಿಲ್ಲ. ದೀಪವನ್ನೂ ಹಚ್ಚಲಿಲ್ಲ.

ಮರುದಿನ ಶುಕ್ರವಾರ. ಖಬರಸ್ತಾನಕ್ಕೆ ಹೋದೆ. ಹುಸೇನಸಾಬ ಗುದ್ದಲಿ ಹಿಡಿದು ಕಾಲುಗಲ್ಲು ಕೀಳುತ್ತಿದ್ದ. ನನ್ನನ್ನು ಕಂಡು ತಲೆ ಕೆರೆದುಕೊಂಡು, "ವರ್ಷಕ್ಕ ನಾಕು ಬಟ್ಟು ಹೋಗತಿತ್ತು ಅಕ್ಕಾರ. ಈಗ ಒಂಬತ್ತು ದಿನದಾಗ ಒಂದು ಗೇಣು ಹೋಗೇತಿ," ಎಂದ. ಚಂಪಕ್ಕ ಹೆದರಿಕೊಂಡು ದಿನಕ್ಕೆ ನಾಲ್ಕು ಸಲ ಓದಿದ್ದರ ಲೆಕ್ಕ ನನಗೆ ಗೊತ್ತಾಯಿತು. ಜೈತುನ್‌ಬಿ ಟೇಪಿನ ಒಂದು ತುದಿಯನ್ನು ತಲೆಗಲ್ಲಿಗೆ ಒತ್ತಿ ಹಿಡಿದು ಕೂತಿದ್ದಳು. "ಬಾ ನೀಲಕ್ಕ, ಈ ಕಡಿ ತುದಿ ಹಿಡಿ," ಎಂದಳು. ನಾನು ಹಿಡಿದುಕೊಂಡೆ. ಹಾಗೆ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಅಂಟಿನ ಬಟ್ಟಲನ್ನೂ ಬಿಡಲಿಲ್ಲ.

ಹುಸೇನಸಾಬ ಗುದ್ದಲಿ ಹೆಗಲಿಗಿಟ್ಟು ದೂರ ಹೋದ.

"ನನ್ನ ಓದು ಸುಳ್ಳಾಗಿರ್ಲಿಲ್ಲ ಅಂದಂಗಾತು," ಎಂದಳು.

"ಇಲ್ಲವ್ವ. ನಿನ್ನ ಓದಿಗೇ ಆ ಹುಡುಗಿ ಉಳಿದದ್ದು."

"ಮನಸಿಟ್ಟು ಓದಿಲ್ಲ ಅಂದ್ರು ಎಲ್ಲಾರೂ. ಐದು ವರ್ಷ ನಾನೂ ಹಂಗ ತಿಳ್ಕೊಂಡೆ. ಯಾವ ದಿನ, ಯಾವ ಸಾಲಿನ್ಯಾಗ ನನ್ನ ಮನಸ್ಸು ಅತ್ತಾಗಿತ್ತಾಗ ಹೋಗಿತ್ತು ಅಂತ ದಿನಾ ಹುಡುಕೇನಿ." ಅವಳು ಟೇಪನ್ನು ಬೆರಳಿಗೆ ಸುತ್ತತೊಡಗಿದಳು. ನನ್ನ ಕೈಯಲ್ಲಿದ್ದ ತುದಿ ಜಾರಿಹೋಯಿತು. "ಕೂಸು ಕಿವಿ ತೋರಿಸಿ ತಲಿ ಅಲ್ಲಾಡಿಸ್ತು ನೀಲಕ್ಕ. ಏನೂ ಕೇಳವಲ್ದು ಅಂತ. ನಾ ಅದಕ್ಕ ಇನ್ನೂ ಜೋರಾಗಿ ಓದಿದೆ."

ಆದರೂ ಕೇಳಬೇಕಾದ್ದನ್ನು ಕೇಳಿದೆ. "ಪುಸ್ತಕ ನಿನ್ನ ಕೈಯಾರೆ ತಂದು ಕೊಡು. ಚೀಟಿ ಬದಲು ಮಾಡ್ತೀನಿ. ಇಲ್ಲಂದ್ರ ಆ ಹುಡುಗಿ ಉಳಿಯಂಗಿಲ್ಲ."

"ಬದಲು ಮಾಡಿದ್ರ ಇದು?" ಗೋರಿಯ ಮೇಲೆ ಕೈಯಿಟ್ಟಳು. "ಇದು ಬೆಳಿಯೂದು ನಿಲ್ತೈತಿ. ಹೌದಲ್ಲೊ?"

"ನಿಲ್ತೈತಿ."

"ಕೊಡಂಗಿಲ್ಲ. ಒಮ್ಮೆ ನೀ ಕೊಂದಿ. ಇನ್ನೊಮ್ಮೆ ನನ್ನ ಕೈಲೆ ಕೊಲ್ಲಸಾಕ ಬಂದಿಯೇನು? ಹೋಗು."

ನಾನು ಹೋದೆ. ಮೂರು ದಿನ ಅಂಗಡಿ ತೆರೆಯಲಿಲ್ಲ. ಚಂಪಕ್ಕನಿಗೆ ಹೇಳುವ ಧೈರ್ಯವೂ ನನಗೆ ಬರಲಿಲ್ಲ, ಅಷ್ಟು ಹೇಡಿ ನಾನು. ದಿನಾ ಸಂಜೆ ಹೋಗಿ ಸುಮತಿಯ ಹತ್ತಿರ ಕೂತು ಬರುತ್ತಿದ್ದೆ. ಬಾಂಗ್ ಆದ ಮೇಲೆ ಅವಳ ಕೈ ಕಿವಿಗೆ ಹೋಗುವುದನ್ನು ನೋಡುತ್ತಿದ್ದೆ. ಎರಡನೆಯ ದಿನ ಕೈ ಅರ್ಧಕ್ಕೆ ಎದ್ದು ಬಿದ್ದುಹೋಯಿತು. ಮೂರನೆಯ ದಿನ ಏಳಲೇ ಇಲ್ಲ, ಬೆರಳು ಮಾತ್ರ ಅಲ್ಲಾಡಿತು. ಕಣ್ಣಿನ ಮೇಲೆ ನೊಣ ಕೂತರೂ ರೆಪ್ಪೆ ಬಡಿಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಜೈತುನ್‌ಬಿ ಚಂಪಕ್ಕನ ಮನೆಯ ಬಾಗಿಲಿಗೆ ಬಂದಳು. ನಾನೂ ಅಲ್ಲಿದ್ದೆ. ಅವಳ ಒಂದು ಕೈಯಲ್ಲಿ ಬಟ್ಟೆಯ ಗಂಟು, ಕಂಕುಳಲ್ಲಿ ಪುಸ್ತಕ. ಚಪ್ಪಲಿ ಬಿಟ್ಟು, "ಒಳಗ ಬರಲೇನ್ರಿ ಅಕ್ಕಾರ? ಹುಡುಗೀನ್ನ ನೋಡಬೇಕಾಗಿತ್ತು," ಎಂದಳು. ಚಂಪಕ್ಕನಿಗೆ ಏನೂ ಅರ್ಥವಾಗಲಿಲ್ಲ, ಆದರೂ ದಾರಿ ಬಿಟ್ಟಳು. ಜೈತುನ್‌ಬಿ ಚಾಪೆಯ ಪಕ್ಕ ಕೂತು ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಸುಮತಿಯನ್ನು ಅಳೆದಳು. ಭುಜದಿಂದ ಮೊಣಕಾಲು, ಭುಜದಿಂದ ಭುಜ. ಆಮೇಲೆ ಗಂಟು ಬಿಚ್ಚಿದಳು. ಐದು ಅಂಗಿ, ಒಂದಕ್ಕಿಂತ ಒಂದು ಉದ್ದ. ಕೊನೆಯದನ್ನು ಹುಡುಗಿಯ ಮೈಮೇಲೆ ಹರವಿದಳು. ಒಂದು ದಾರದಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ನಾ ಯಾರು ಗೊತ್ತೈತೇನು ಮಗಾ?" ಎಂದಳು.

ಕಣ್ಣು ಮುಚ್ಚಿಕೊಂಡೇ ಮಲಗಿದ್ದ ಸುಮತಿ ಆ ಧ್ವನಿಗೆ ಕಣ್ಣು ಬಿಟ್ಟಳು. ಬಹಳ ದೂರದಿಂದ ಬಂದವಳ ಹಾಗೆ ಅವಳನ್ನೇ ನೋಡಿದಳು. "ನೀವು ದಿನಾ ಕಿವ್ಯಾಗ ಬರೋರು," ಎಂದಳು. "ಸಣ್ಣಾಕಿದ್ದಾಗ ನನಗ ಜ್ವರ ಬಂದಾಗ ಭಾಳ ಅತ್ತಿದ್ರಿ. ನನ್ನ ಕೂಸು ಏಳಲಿ, ನನ್ನ ಕೂಸು ಏಳಲಿ ಅಂದ್ರಿ. ಅದಕ್ಕ ನಾ ಎದ್ದೆ."

ಜೈತುನ್‌ಬಿಯ ಮುಖ ಒಂದೇ ಸಲಕ್ಕೆ ಮುದಿಯಾದದ್ದನ್ನು ನಾನು ನೋಡಿದೆ. ಅವಳು ಅಳಲಿಲ್ಲ. ಹುಡುಗಿಯ ಕೆನ್ನೆ ಸವರಿ ಎದ್ದುನಿಂತು, ಕಂಕುಳಿನ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟಳು. "ನಡಿ, ಬಿಚ್ಚು," ಎಂದಳು.

ಚಂಪಕ್ಕನಿಗೆ ದಾರಿಯಲ್ಲಿ ಹೇಳಿದೆ. ಅವಳು ಪುಸ್ತಕ ಹಿಡಿದುಕೊಂಡು ನನ್ನ ಹಿಂದೆ ಬಂದಳು. ಅಂಗಡಿಯ ಬಾಗಿಲಿಗೆ ಬಂದಾಗ ಜೈತುನ್‌ಬಿಯ ಕಾಲು ಮುಟ್ಟಲು ಬಗ್ಗಿದಳು. ಜೈತುನ್‌ಬಿ ಹಿಂದೆ ಸರಿದಳು. ನಾನು ಹೊಸದಾಗಿ ಅಂಟು ಕುದಿಸಿದೆ. ಈ ಸಲ ಒಂದಾದ ಮೇಲೆ ಒಂದು: ಜೈತುನ್‌ಬಿಯ ಪುಸ್ತಕದ ಚೀಟಿ ತೆಗೆದು, ಪುಸ್ತಕವನ್ನು ಹಲಗೆಯಿಂದ ಅವಳ ತೊಡೆಗೆ ದಾಟಿಸಿದ ಮೇಲೆಯೇ ಚಂಪಕ್ಕನದನ್ನು ಬಿಚ್ಚಿದೆ. ಚಂಪಕ್ಕನ ರಟ್ಟಿನಿಂದ ತೆಗೆದ ಚೀಟಿಯನ್ನು ಜೈತುನ್‌ಬಿಯ ಅಂಗೈಯಲ್ಲಿ ಇಟ್ಟೆ, ಜೈತುನ್‌ಬಿಯ ರಟ್ಟಿನದನ್ನು ಚಂಪಕ್ಕನ ಪುಸ್ತಕದೊಳಗೆ ಮುಚ್ಚಿದೆ. ಅಂಟು ಆರುವವರೆಗೂ ಕಾಯಲಾರದೆ ಚಂಪಕ್ಕ ಅದನ್ನು ಎದೆಗೊತ್ತಿಕೊಂಡು ಓಡಿದಳು. ಅವತ್ತು ಮಧ್ಯಾಹ್ನವೇ ಸುಮತಿ 'ಅವ್ವಾ, ಹಸಿವು' ಎಂದು ಅತ್ತಳಂತೆ. ಐದು ವರ್ಷದಲ್ಲಿ ಮೊದಲ ಸಲ ಅವಳು ಅತ್ತದ್ದನ್ನು ಬೀದಿಯವರೆಲ್ಲ ನಿಂತು ಕೇಳಿದರು.

ಜೈತುನ್‌ಬಿ ಮಗಳ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಹಲಗೆಯ ಎದುರಿಗೇ ಕೂತಿದ್ದಳು. ಅವಳ ಪುಸ್ತಕದ ರಟ್ಟು ಇನ್ನೂ ತೆರೆದಿತ್ತು. "ತಾ, ಚೀಟಿ ಒಳಗಿಡ್ತೀನಿ," ಎಂದೆ.

"ಇದು ಬ್ಯಾಡ. ಇದನ್ನ ಆಕಿ ಹಂತ್ಯಾಕ ಮಣ್ಣಾಗ ಇಡ್ತೀನಿ. ಆಕಿಗೆ ಇಷ್ಟ ಸಾಕು." ಅವಳು ಸೊಂಟದಿಂದ ಇನ್ನೊಂದು ಚೀಟಿ ತೆಗೆದಳು. ನಾಲ್ಕು ಮಡಿಕೆ ಮಡಚಿತ್ತು. "ಇದನ್ನ ಹಾಕು."

"ಯಾರದವ್ವ ಇದು?" ಬಾಯಿ ತಪ್ಪಿ ಕೇಳಿಬಿಟ್ಟೆ.

"ಕೇಳೂ ಪದ್ಧತಿ ಐತೇನು?"

ಇಲ್ಲ. ನಾನು ಚೀಟಿಯನ್ನು ಒಳಗಿಟ್ಟು, ಕಾಗದ ಅಂಟಿಸಿ, ಅಂಚುಗಳನ್ನು ಎಲುಬಿನ ಕಡ್ಡಿಯಿಂದ ಒತ್ತಿ ಒತ್ತಿ ಮುಚ್ಚಿದೆ. ಅವತ್ತಿನಷ್ಟು ಅಚ್ಚುಕಟ್ಟಾಗಿ ನಾನು ಯಾವ ಪುಸ್ತಕವನ್ನೂ ಮುಚ್ಚಿರಲಿಲ್ಲ.

ಎರಡು ದಿನ ಬಿಟ್ಟು, ಸಂಜೆ ಅಂಗಡಿಯ ಮುಂದೆ ಚಹಾ ಕುಡಿಯುತ್ತ ಕೂತಿದ್ದೆ. ಬಾಂಗ್ ಮುಗಿಯಿತು. ನನ್ನ ಬಲಗಿವಿಯಲ್ಲಿ ಗುಂಯ್ ಎಂದಿತು. ಹತ್ತೊಂಬತ್ತು ವರ್ಷದ ಮೇಲೆ. ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು ಕಿವಿ ಮುಚ್ಚಿಕೊಂಡೆ. ಎದುರಿನ ಕಿರಾಣಿಯವನು ನೋಡಿ ಆಶ್ಚರ್ಯದಿಂದ, "ನೀಲಕ್ಕಾರಿಗೂ ಓದಾಕತ್ತಾರಲ್ಲಪಾ!" ಎಂದು ನಕ್ಕ. ನನಗೂ ನಗು ಬಂತು, ಕಣ್ಣಲ್ಲಿ ನೀರು ಬಂತು. ನನಗಾಗಿ ಯಾರೋ ಇದ್ದಾರೆ ಎಂದುಕೊಂಡೆ. ಆಮೇಲೆ ಮಾತು ಬಿಡಿಬಿಡಿಯಾಗಿ ಕೇಳಿಸಿತು.

ನಿನ್ನ ಮೇಲಿನ ಮಣ್ಣು ಹಗುರಾಗಲಿ. ನೀನು ಮಲಗಿದ ಜಾಗ ಅಗಲವಾಗಲಿ, ತಂಪಾಗಲಿ. ನಡುವೆ ಕೆಮ್ಮು. ಇನ್ನು ಯಾವ ಹಸಿವೂ ನಿನ್ನನ್ನು ಮುಟ್ಟದಿರಲಿ.

ಇದು ಆಗಿ ನಾಲ್ಕು ತಿಂಗಳು. ಗೋರಿ ಈಗ ಇದ್ದಷ್ಟೇ ಇದೆ, ಹುಸೇನಸಾಬನಿಗೆ ಕೆಲಸ ಕಡಿಮೆಯಾಗಿದೆ. ಸುಮತಿ ಜೈತುನ್‌ಬಿ ಹೊಲಿದ ಅಂಗಿ ತೊಟ್ಟು ನನ್ನ ಅಂಗಡಿಯ ಮುಂದೆಯೇ ಶಾಲೆಗೆ ಹೋಗುತ್ತಾಳೆ, ಗೆಳತಿಯರ ಜೊತೆ ಜಗಳವಾಡುತ್ತಾಳೆ, ಅವಳ ಬಾಯಿ ಕೇಳಬೇಕು ನೀವು. ನಾನು ಒಂದು ಹೊತ್ತಿನ ಊಟಕ್ಕೆ ಬಂದಿದ್ದೇನೆ, ಅದೂ ಅಭ್ಯಾಸಕ್ಕೆ. ನನ್ನ ಅಂಗಡಿ ಹತ್ತು ಅಡಿಗೆ ಎಂಟು ಅಡಿ. ಈಚೆಗೆ ಹಲಗೆಯಿಂದ ಗೋಡೆಯ ಗೂಡಿನವರೆಗೆ ಹೋಗಿಬರುವುದೆಂದರೆ ಬಹಳ ದೂರ ನಡೆದ ಹಾಗೆ ಆಗುತ್ತದೆ. ಸೆಖೆಯ ದಿನಗಳಲ್ಲೂ ಮೈ ತಣ್ಣಗೆ. ಭಯವಿಲ್ಲ, ನೋವೂ ಇಲ್ಲ. ಭಯವಿಲ್ಲದಿರುವುದೇ ಒಮ್ಮೊಮ್ಮೆ ಭಯ ಹುಟ್ಟಿಸುತ್ತದೆ.

ಪುಸ್ತಕ ಅವಳದು. ಅವಳಾಗಿ ತಂದು ಕೊಡದೆ ನಾನು ರಟ್ಟು ಬಿಚ್ಚುವಂತಿಲ್ಲ. ಒಮ್ಮೆ ಕಟ್ಟಳೆ ಮುರಿದದ್ದು ಸಾಕು. ಆದರೂ ಹೋದ ತಿಂಗಳು ದಾರಿಯಲ್ಲಿ ಸಿಕ್ಕಾಗ ತಡೆಯಲಾರದೆ ಕೇಳಿದೆ.

"ಜೈತುನ್, ಅದು ಸತ್ತೋರಿಗೆ ಓದೂ ಪುಟ ಅಲ್ಲೇನವ್ವ?"

ಅವಳು ಬಟ್ಟೆಯಂಗಡಿಯಲ್ಲಿ ನೋಡುವ ಹಾಗೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಸಿಟ್ಟಿರಲಿಲ್ಲ. "ಐದು ವರ್ಷ ಅದನ್ನ ಓದೀನಿ. ನಾಲಿಗಿ ಅಲ್ಲಿಗೇ ಹೋಗ್ತೈತಿ," ಎಂದಳು. ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನಿಂತು, "ಪುಸ್ತಕದಾಗ ಬ್ಯಾರೆ ಪುಟಾನೂ ಅದಾವು ನೀಲಕ್ಕ. ಮಾಫಿ ಕೊಡೂದು ಒಂದು ಐತಿ. ಅಲ್ಲಿಮಟ ಇನ್ನೂ ಹೋಗಿಲ್ಲ ನಾ," ಎಂದಳು.

ಅಂದಿನಿಂದ ಸಂಜೆಯಾದರೆ ಕೆಲಸ ಬಿಟ್ಟು, ಕೈ ತೊಳೆದು, ಬಲಗಿವಿ ದರ್ಗಾದ ಕಡೆ ಮಾಡಿ ಕೂರುತ್ತೇನೆ. ಮಾಫಿಯ ಆ ಪುಟದ ಕಾಗದ ದಪ್ಪ, ಹೊಲಿದವಳು ನಾನೇ, ಅದು ಹೊರಳುವ ಸದ್ದು ನನಗೆ ಗೊತ್ತು. ಮೊನ್ನೆ ಗುರುವಾರ ಹಸಿವಿನ ಸಾಲಿಗೆ ಬಂದವಳು ಅರ್ಧಕ್ಕೆ ನಿಲ್ಲಿಸಿದಳು. ಕೆಮ್ಮಲಿಲ್ಲ. ಪುಟ ತಿರುವಿದ್ದು ಸ್ಪಷ್ಟವಾಗಿ ಕೇಳಿಸಿತು. ನಾನು ಉಸಿರು ಹಿಡಿದು ಕಾದೆ. ಅವಳೂ ಅಲ್ಲಿ ಉಸಿರು ಹಿಡಿದು ಕೂತಿದ್ದಳು, ಅದೂ ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ, ಮೆಲ್ಲಗೆ, ಪುಟವನ್ನು ಹಿಂದಕ್ಕೆ ತಿರುವಿದಳು.